ಬಿದನೂರಿನ ರಾಣಿ ನಿಜಕ್ಕೂ ಹಂಗೇ ಇದ್ಲಾ? ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನನಗೆ ಇತಿಹಾಸದ ಕಾದಂಬರಿ ಅಂದ್ರೆ ಪ್ರಾಣ. ಮಾಸ್ತಿಯವರ 'ಚೆನ್ನಬಸವನಾಯಕ' ಓದಿ ಮುಗಿಸಿದ್ದೆ, ಹಂಗಾಗಿ ರಜೆಲಿ ಮನೆಯವರೆಲ್ಲ ಹಳೇ ಬಿದನೂರು, ಅಂದ್ರೆ ನಗರ ಅನ್ನೋ ಊರಿನ ಕೋಟೆ ನೋಡೋಕೆ ಹೋದ್ವಿ. ಅಲ್ಲಿ ಮಗಳು ಕೇಳಿದ್ಲು, ಅಮ್ಮಾ, ಕಾದಂಬರೀಲಿ ಬರೋ ಆ ಬಿದನೂರಿನ ರಾಣಿ ನಿಜಕ್ಕೂ ಹಂಗೇ ಇದ್ಲಾ ಅಂತ. ಏನು ಹೇಳ್ಬೇಕೋ ಗೊತ್ತಾಗ್ಲಿಲ್ಲ. ಇಂಥ ಕಾದಂಬರೀಲಿ ಎಷ್ಟು ನಿಜ, ಎಷ್ಟು ಲೇಖಕರು ಸೇರಿಸಿದ್ದು ಅಂತ ನಮ್ಮಂಥ ಓದುಗರು ತಿಳ್ಕೊಳೋದು ಹೇಗೆ?

ಉತ್ತರ: ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬರ್ತಾನೇ ಇರುತ್ತೆ. ಶಿವಮೊಗ್ಗ ಕಡೆಯವರು ಕೇಳಿದಾಗಂತೂ ಜಾಸ್ತಿ ಖುಷಿ ಆಗುತ್ತೆ, ಯಾಕಂದ್ರೆ ನಮ್ ಕಡೆ ಕಾದಂಬರಿ ಓದಿ ಮುಗಿಸಿ ಬಸ್ ಹತ್ತಿದ್ರೆ ಒಂದೆರಡು ಗಂಟೇಲಿ ಆ ಕಥೆ ನಡೆದ ಜಾಗಕ್ಕೇ ಹೋಗಿ ನಿಲ್ಲಬಹುದು.

ಚಿಕ್ಕದಾಗಿ ಹೇಳೋದಾದ್ರೆ, ಊರು, ಇಸವಿ, ಯಾರು ಯಾರ ಮೇಲೆ ದಂಡೆತ್ತಿ ಬಂದ್ರು, ಯಾರು ಸೋತ್ರು ಇವೆಲ್ಲ ಸಾಮಾನ್ಯವಾಗಿ ದಾಖಲೆಯಿಂದ ತಗೊಂಡಿದ್ದು. ಪಾತ್ರಗಳು ಆಡೋ ಮಾತು, ಅವರ ಮನಸ್ಸಲ್ಲಿ ಓಡಿದ್ದು, ಬಾಗಿಲು ಹಾಕ್ಕೊಂಡು ಇಬ್ಬರೇ ಕೂತು ಮಾಡಿದ ತೀರ್ಮಾನ ಇವೆಲ್ಲ ಹೆಚ್ಚುಕಮ್ಮಿ ಪೂರ್ತಿ ಲೇಖಕರದ್ದೇ. ಆದ್ರೆ ನಿಮ್ಮ ಮಗಳು ಇಸವಿ ಕೇಳಿಲ್ಲ, ಆ ಹೆಂಗಸು ಎಂಥವಳು ಅಂತ ಕೇಳಿದ್ದಾಳೆ, ಅದಕ್ಕೆ ಈ ಚಿಕ್ಕ ಉತ್ತರ ಸಾಲಲ್ಲ.

ಮೊದಲು ಆ ರಾಣಿ, ಅಂದ್ರೆ ವೀರಮ್ಮಾಜಿ ವಿಷಯದಲ್ಲಿ ಗಟ್ಟಿಯಾಗಿ ಏನು ಗೊತ್ತಿದೆ ನೋಡೋಣ. ಕೆಳದಿ ಅರಸರ ಕೊನೇ ರಾಜಧಾನಿ ಬಿದನೂರು, ಅಂದ್ರೆ ಈಗಿನ ಹೊಸನಗರ ತಾಲೂಕಿನ ನಗರ. ಗಂಡ ತೀರಿಕೊಂಡ ಮೇಲೆ ದತ್ತುಮಗ ಚೆನ್ನಬಸಪ್ಪ ಪಟ್ಟಕ್ಕೆ ಬಂದ, ಸ್ವಲ್ಪ ಕಾಲಕ್ಕೇ ಅವನೂ ಇಲ್ಲವಾದ, ಆಮೇಲೆ ಇನ್ನೊಬ್ಬ ಹುಡುಗನ್ನ ದತ್ತು ತಗೊಂಡು ಅವನ ಹೆಸರಲ್ಲಿ ರಾಣಿ ತಾನೇ ರಾಜ್ಯ ನಡೆಸಿದ್ಲು. ಅಷ್ಟರಲ್ಲಿ ಒಬ್ಬ ಬಂದು ನಾನೇ ಆ ಚೆನ್ನಬಸಪ್ಪ, ಸತ್ತಿಲ್ಲ, ಬದುಕಿದೀನಿ ಅಂತ ಚಿತ್ರದುರ್ಗದವರ ಮೂಲಕ ಹೈದರಾಲಿ ಹತ್ರ ಹೋದ. ಹೈದರನಿಗೆ ಅಷ್ಟು ನೆಪ ಸಾಕಾಯ್ತು. 1763ರಲ್ಲಿ ಬಿದನೂರು ಬಿತ್ತು. ರಾಣಿ ಅರಮನೆಗೆ ಬೆಂಕಿ ಇಡೋಕೆ ಹೇಳಿ ಬಲ್ಲಾಳರಾಯನದುರ್ಗಕ್ಕೆ ತಪ್ಪಿಸಿಕೊಂಡು ಹೋದ್ಲು, ಅಲ್ಲಿ ಸಿಕ್ಕಿಬಿದ್ಲು, ಮಧುಗಿರಿ ಕೋಟೇಲಿ ಸೆರೆ ಆದ್ಲು. ರಾಜ್ಯ ನಂದು ಅಂತ ಹೈದರನ ಜೊತೆ ಬಂದಿದ್ನಲ್ಲ, ಅವನನ್ನೂ ಅದೇ ಮಧುಗಿರಿಗೇ ಕಳಿಸಿದ್ರು, ಇಬ್ಬರಿಗೂ ಒಂದೇ ಸೆರೆಮನೆ. 1767ರಲ್ಲಿ ಮರಾಠರು ಮಧುಗಿರಿ ಹಿಡಿದಾಗ ರಾಣಿಗೆ ಬಿಡುಗಡೆ ಆಯ್ತು, ಆದ್ರೆ ಪುಣೆಗೆ ಹೋಗ್ತಾ ದಾರೀಲೇ ತೀರಿಕೊಂಡ್ಲು.

ಕಾದಂಬರಿಕಾರರಿಗೆ ಇನ್ನೇನು ಬೇಕು ಹೇಳಿ! ಸತ್ತವನು ಎದ್ದು ಬರ್ತಾನೆ, ಅರಮನೆ ಉರಿಯುತ್ತೆ, ವೈರಿಗಳಿಬ್ಬರೂ ಒಂದೇ ಕೋಟೇಲಿ ಕೈದಿಗಳಾಗ್ತಾರೆ. ಇದರಲ್ಲಿ ಯಾವುದನ್ನೂ ಯಾರೂ ಹೊಸದಾಗಿ ಕಟ್ಟಬೇಕಾಗಿಲ್ಲ.

ಆದ್ರೆ ಎಲ್ಲರಿಗೂ ನೆನಪಿರೋದು ಇದ್ಯಾವುದೂ ಅಲ್ಲ. ರಾಣಿಗೆ ನಿಂಬಯ್ಯ ಅನ್ನೋನ ಜೊತೆ ಸಂಬಂಧ ಇತ್ತಂತೆ, ಅದನ್ನ ಆಕ್ಷೇಪಿಸಿದ್ದಕ್ಕೆ ದತ್ತುಮಗನನ್ನೇ ಕೊಲ್ಲಿಸಿದ್ಲಂತೆ, ಜನರ ಬಾಯಲ್ಲಿ ಉಳಿದಿರೋದು ಇಷ್ಟೇ. ಈ ಕಥೆ ನಮಗೆ ಎಲ್ಲಿಂದ ಬಂತು ಅಂತ ಕೇಳ್ಬೇಕು. ಇದನ್ನ ವಿವರವಾಗಿ ಬರೆದವರಲ್ಲಿ ಮುಖ್ಯವಾದವರು ಕರ್ನಲ್ ವಿಲ್ಕ್ಸ್, ಬ್ರಿಟಿಷ್ ಅಧಿಕಾರಿ, ಅವರು ಬರೆದ ಮೈಸೂರು ಇತಿಹಾಸದ ಮೊದಲ ಸಂಪುಟ ಬಂದಿದ್ದು 1810ರಲ್ಲಿ. ಅಂದ್ರೆ ಬಿದನೂರು ಬಿದ್ದು ಹೆಚ್ಚುಕಮ್ಮಿ ಐವತ್ತು ವರ್ಷ ಆದ್ಮೇಲೆ. ರಾಣಿ ಇಲ್ಲ, ರಾಜ್ಯ ಇಲ್ಲ, ಆಕೆ ಪರವಾಗಿ ಮಾತಾಡೋರು ಯಾರೂ ಉಳಿದಿಲ್ಲ. ಉಳಿದಿದ್ದು ಸುತ್ತಮುತ್ತ ಹಬ್ಬಿದ್ದ ಮಾತು, ಅದು ಗೆದ್ದವರಿಗೆ ಎಷ್ಟು ಅನುಕೂಲ ಇತ್ತು ಅಂತ ನೀವೇ ಯೋಚ್ನೆ ಮಾಡಿ, ರಾಣಿ ಕೆಟ್ಟವಳು ಅಂತಾದ್ರೆ ಹೈದರ್ ಬಂದಿದ್ದು ನ್ಯಾಯ ಕೊಡಿಸೋಕೆ ಅಂತ ಆಗ್ಬಿಡುತ್ತೆ ಅಲ್ವಾ. ಅದೇ ಕಾಲದ ಇನ್ನೊಂದು ಲೆಕ್ಕ ನೋಡಿ, ಬಿದನೂರಲ್ಲಿ ಹೈದರನಿಗೆ ಸಿಕ್ಕ ಸಂಪತ್ತು 1 ಕೋಟಿ 20 ಲಕ್ಷ ಪೌಂಡ್ ಅಂತ ಇಂಗ್ಲಿಷ್ ಪುಸ್ತಕಗಳಲ್ಲಿದೆ, ಒಂದು ಮಲೆನಾಡಿನ ರಾಜಧಾನೀಲಿ ಅಷ್ಟು ದುಡ್ಡು ಇತ್ತು ಅಂತ ನನಗಂತೂ ನಂಬೋಕೆ ಕಷ್ಟ. ದುಡ್ಡಿನ ಲೆಕ್ಕ ಅಷ್ಟು ಊದಿಕೊಂಡಿರೋ ಕಡೆ ಒಬ್ಬ ವಿಧವೆಯ ಶೀಲದ ಬಗ್ಗೆ ಬರೆದಿದ್ದನ್ನ ಮಾತ್ರ ಕಣ್ಮುಚ್ಚಿ ಒಪ್ಪೋದು ಯಾವ ನ್ಯಾಯ?

ಹಂಗಂತ ಆಕೆ ನಿರಪರಾಧಿ ಅಂತ ತೀರ್ಪು ಕೊಡೋಕೂ ಆಗಲ್ಲ. ಮಗಳಿಗೆ ಇದನ್ನೇ ಹೇಳಿ: ರಾಣಿ ಇದ್ದಿದ್ದು ನಿಜ, ಸೋತಿದ್ದು ನಿಜ, ಸೆರೆ ಆಗಿದ್ದು ನಿಜ, ಆದ್ರೆ ಆಕೆ ಸ್ವಭಾವದ ಬಗ್ಗೆ ನಮಗೆ ಸಿಕ್ಕಿರೋದು ಬೇರೆಯವರ ಮಾತು, ಆಕೆಯದ್ದು ಒಂದೂ ಮಾತು ಉಳಿದಿಲ್ಲ. ಮಕ್ಕಳಿಗೆ ಇದು ಅರ್ಥ ಆಗುತ್ತೆ. ಕ್ಲಾಸಲ್ಲಿ ಒಬ್ಬರ ಬಗ್ಗೆ ಇನ್ನೊಬ್ಬರು ಚಾಡಿ ಹೇಳೋದನ್ನ ಅವರು ದಿನಾ ನೋಡ್ತಿರ್ತಾರೆ.

ಮಾಸ್ತಿಯಂಥ ದೊಡ್ಡ ಲೇಖಕರು ಇಂಥ ವಸ್ತು ಮುಟ್ಟಿದಾಗ ಕಷ್ಟ ಇರೋದು ಇಲ್ಲೇ. ಅವರು ಬರೆದಿದ್ದು ಎಷ್ಟು ಜೀವಂತವಾಗಿರುತ್ತೆ ಅಂದ್ರೆ ಓದಿದ ಮೇಲೆ ನಮ್ಮ ತಲೇಲಿ ಉಳಿಯೋದು ಅವರು ಕೊಟ್ಟ ರಾಣಿಯೇ. ನಗರದ ಕೋಟೇಲಿ ಮೇಲೆ ಹತ್ತಿ ದರ್ಬಾರ್ ಹಾಲ್ ಅಂತ ತೋರಿಸೋ ಜಾಗಕ್ಕೆ ಹೋದ್ರೆ ಇರೋದು ಬರೀ ಅಡಿಪಾಯ, ಮಳೆಗಾಲದಲ್ಲಿ ಕಲ್ಲಿನ ಮೇಲೆಲ್ಲ ಹಾವಸೆ ಕಟ್ಟಿ ಕಾಲಿಟ್ರೆ ಜಾರುತ್ತೆ, ಪಕ್ಕಪಕ್ಕದಲ್ಲಿ ಅಕ್ಕ ತಂಗಿ ಕೊಳ. ಗೋಡೆ ಇಲ್ಲ, ಚಾವಣಿ ಇಲ್ಲ, ಆದ್ರೂ ಕಾದಂಬರಿ ಓದಿದವರಿಗೆ ಅಲ್ಲಿ ಯಾರು ಎಲ್ಲಿ ಕೂತಿದ್ರು ಅಂತ ಕಾಣ್ಸುತ್ತೆ. ಇದು ಕಾದಂಬರಿಯ ದೊಡ್ಡ ಶಕ್ತಿ, ನಾವು ಹುಷಾರಾಗಿರಬೇಕಾದ್ದೂ ಅಲ್ಲೇ.

ಇನ್ನೊಂದು ಉದಾಹರಣೆ ಕೊಡ್ತೀನಿ, ನನಗೆ ತುಂಬಾ ಇಷ್ಟವಾದದ್ದು. ಪಿಯೆತ್ರೊ ದೆಲ್ಲ ವಾಲೆ ಅಂತ ಇಟಲಿಯ ಪ್ರವಾಸಿ, 1623ರಲ್ಲಿ ಪೋರ್ಚುಗೀಸ್ ರಾಯಭಾರಿ ಜೊತೆ ಘಟ್ಟ ಹತ್ತಿ ಆಗಿನ ಕೆಳದಿ ರಾಜಧಾನಿ ಇಕ್ಕೇರಿಗೆ ಬಂದಿದ್ದ, ಕೆಳದಿ ಅರಸ ವೆಂಕಟಪ್ಪ ನಾಯಕನ ಕಾಲ. ಇಕ್ಕೇರಿ ಬೀದಿಗಳಲ್ಲಿ ಹೆಣ್ಣುಮಕ್ಕಳು ಕೋಲು ಹಿಡಿದು ಹಾಡ್ತಾ ಕುಣಿದಿದ್ದನ್ನ ಸಹ ಪತ್ರದಲ್ಲಿ ಬರೆದಿದ್ದಾನೆ. ಅದೇ ಪ್ರಯಾಣದಲ್ಲಿ ಘಟ್ಟ ಇಳಿದು ಉಳ್ಳಾಲದ ರಾಣಿಯನ್ನೂ ನೋಡಿದ. ಉಳ್ಳಾಲದ ರಾಣಿ ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬರೋದು ಕುದುರೆ, ಕತ್ತಿ, ಮೈತುಂಬ ಒಡವೆ. ಅವನು ಕಂಡಿದ್ದು ಏನು ಗೊತ್ತಾ? ಬರಿಗಾಲಲ್ಲಿ ನಡ್ಕೊಂಡು ಬರ್ತಿದ್ದ ಹೆಂಗಸು, ಸೊಂಟಕ್ಕೆ ಒಂದು ಹತ್ತಿಬಟ್ಟೆ, ತಲೆ ಮೇಲೆ ಇನ್ನೊಂದು ಬಟ್ಟೆ, ಒಬ್ಬ ಗರಿ ಕೊಡೆ ಹಿಡಿದಿದ್ದ, ಅವರು ಬಂದಿದ್ದು ಜಮೀನಿಗೆ ನೀರು ಹಾಯಿಸೋ ಕಾಲುವೆ ಕೆಲಸ ನೋಡೋಕೆ. ನೋಡಿದ್ರೆ ರಾಣಿ ಅನ್ಸಲ್ಲ, ಬಾಯಿ ಬಿಟ್ಟು ಮಾತಾಡಿದ್ರೆ ಮಾತ್ರ ಬುದ್ಧಿವಂತೆ ಅಂತ ತಿಳಿಯುತ್ತೆ ಅನ್ನೋ ಅರ್ಥದಲ್ಲಿ ಬರೆದಿದ್ದಾನೆ. ಕಾದಂಬರಿ ಬರೆಯೋರು ರೇಷ್ಮೆ ಸೀರೆ, ಸಿಂಹಾಸನ ಎಲ್ಲ ಹಾಕಿ ರಾಣಿಯನ್ನ ದೊಡ್ಡದು ಮಾಡೋಕೆ ಹೋಗ್ತಾರೆ, ಆದ್ರೆ ಆ ಕಾಲುವೆ ಪಕ್ಕ ನಿಂತ ರಾಣಿ ಅದಕ್ಕಿಂತ ಎಷ್ಟು ದೊಡ್ಡವರು! ದಾಖಲೆ ಹುಡುಕದೇ ಬರೆದ್ರೆ ಕಳ್ಕೊಳೋದು ಇಂಥವನ್ನ.

ಕೆಳದಿ ಚೆನ್ನಮ್ಮನ ಕಥೆ ಬೇರೆ ಥರ. ಶಿವಾಜಿ ಮಗ ರಾಜಾರಾಮ 1689ರಲ್ಲಿ ವೇಷ ಮರೆಸಿಕೊಂಡು ತಮಿಳುನಾಡಿನ ಜಿಂಜಿ ಕೋಟೆಗೆ ಹೋಗ್ತಾ ಇವರ ಸೀಮೆ ಮೂಲಕ ಹಾದುಹೋದ, ಚೆನ್ನಮ್ಮ ಸಹಾಯ ಮಾಡಿದ್ರು, ಅದಕ್ಕೆ ಔರಂಗಜೇಬನ ಸೈನ್ಯ ಬಂತು, ಇಷ್ಟಕ್ಕೆ ಆಧಾರ ಇದೆ. ಅವತ್ತು ಇಬ್ಬರ ನಡುವೆ ಏನು ಮಾತಾಯ್ತು, ಮಂತ್ರಿಗಳು ಬೇಡ ಅಂದ್ರಾ, ಚೆನ್ನಮ್ಮನಿಗೆ ಭಯ ಆಯ್ತಾ ಇಲ್ವಾ, ಇದನ್ನ ಬರೆದಿಟ್ಟ ಕಾಗದ ಇಲ್ಲ. ಇಂಥ ಖಾಲಿ ಜಾಗ ಕಾದಂಬರಿಕಾರರದ್ದು, ಅಲ್ಲಿ ಅವರು ಏನು ಬರೆದ್ರೂ ನನ್ನ ತಕರಾರಿಲ್ಲ. ದಾಖಲೆ ಇರೋ ಕಡೆ ಅದನ್ನ ತಿರುಚಿ ಬರೆದು, ಕೇಳಿದ್ರೆ ಇದು ಕಾದಂಬರಿ ಸ್ವಾಮಿ ಅನ್ನೋದಿದೆಯಲ್ಲ, ಅದನ್ನ ಮಾತ್ರ ಒಪ್ಪಲ್ಲ.

ಕೆಲವು ಸಲ ಉಲ್ಟಾ ಆಗುತ್ತೆ, ಇದು ಲೇಖಕರು ಕಟ್ಟಿದ್ದೇ ಸರಿ ಅನ್ಸೋದೇ ನಿಜ ಆಗಿರುತ್ತೆ. ಶಿಕಾರಿಪುರ ತಾಲೂಕಿನ ಈಸೂರು ನೋಡಿ. 1942ರ ಸೆಪ್ಟೆಂಬರಲ್ಲಿ ಊರವರು ವೀರಭದ್ರೇಶ್ವರ ದೇವಸ್ಥಾನದ ಮೇಲೆ ಬಾವುಟ ಹಾರಿಸಿ ನಮ್ಮೂರು ಸ್ವತಂತ್ರ ಅಂತ ಘೋಷಣೆ ಮಾಡಿದ್ರು, ಅಷ್ಟೇ ಅಲ್ಲ, ಚಿಕ್ಕ ಹುಡುಗರಲ್ಲೇ ಒಬ್ಬನನ್ನ ಅಮಲ್ದಾರ (ತಾಲೂಕಿನ ಅಧಿಕಾರಿ), ಇನ್ನೊಬ್ಬನನ್ನ ಸಬ್‌ಇನ್ಸ್‌ಪೆಕ್ಟರ್ ಅಂತ ಮಾಡಿದ್ರು, ದೊಡ್ಡವರಾದ್ರೆ ಹಿಡಿದು ಜೈಲಿಗೆ ಹಾಕ್ತಾರೆ ಅಂತ. ಕಾದಂಬರೀಲಿ ಓದಿದ್ರೆ ಸಿನಿಮಾ ಥರ ಇದೆ ಅಂತೀವಿ. ಆದ್ರೆ ನಡೆದಿದ್ದು. ಅದಾಗಿ ಕೆಲವೇ ದಿನಕ್ಕೆ ಗಲಾಟೆಲಿ ನಿಜವಾದ ಅಮಲ್ದಾರರು ಮತ್ತು ಸಬ್‌ಇನ್ಸ್‌ಪೆಕ್ಟರ್ ಇಬ್ಬರೂ ಸತ್ರು, 1943ರ ಮಾರ್ಚಲ್ಲಿ ಊರಿನ ಐದು ಜನರನ್ನ ಗಲ್ಲಿಗೇರಿಸಿದ್ರು. "ಏಸೂರು ಕೊಟ್ಟರೂ ಈಸೂರು ಕೊಡೆವು" ಅನ್ನೋ ಮಾತು ಇವತ್ತಿಗೂ ಎಲ್ಲರ ಬಾಯಲ್ಲಿದೆ. ಇಷ್ಟು ಹತ್ತಿರದ ಘಟನೆ ಬಗ್ಗೆ ಬರೆಯೋರಿಗೆ ಬಿದನೂರಿನಷ್ಟು ಸ್ವಾತಂತ್ರ್ಯ ಇಲ್ಲ ಅಂತ ನನ್ನ ಅಭಿಪ್ರಾಯ. ಗಲ್ಲಿಗೇರಿದವರ ಮನೆಯವರು ಇದ್ದಾರೆ, ಸತ್ತ ಅಧಿಕಾರಿಗಳಿಗೂ ಹೆಂಡತಿ ಮಕ್ಕಳು ಇದ್ದಿರ್ತಾರೆ, ಅವರನ್ನ ಬರೀ ವಿಲನ್ ಮಾಡಿ ಮುಗಿಸಿದ್ರೆ ಕಥೆ ಸುಲಭ ಆಗುತ್ತೆ ಆದ್ರೆ ಅವತ್ತಿನ ಈಸೂರು ಓದುಗರಿಗೆ ಸಿಗಲ್ಲ.

ರಾಜ ರಾಣಿ ಬಿಟ್ಟು ಮನೆ ಒಳಗಿನ ಕಥೆಗೆ ಬಂದ್ರೆ ಲೆಕ್ಕ ಪೂರ್ತಿ ಬದಲಾಗುತ್ತೆ. ತೀರ್ಥಹಳ್ಳೀಲಿ ಹುಟ್ಟಿದ ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ನೀವು ಓದಿರ್ತೀರಿ, ಇಲ್ಲಾಂದ್ರೆ ಪ್ರೇಮಾ ಕಾರಂತರ ಸಿನಿಮಾ ಆದ್ರೂ ನೋಡಿರ್ತೀರಿ. ಅದು ಅವರ ಕುಟುಂಬದಲ್ಲೇ ಇದ್ದ, ಮಗುವಾಗಿದ್ದಾಗಲೇ ವಿಧವೆಯಾಗಿ ತುಂಬಾ ದೀರ್ಘಕಾಲ ಬದುಕಿದ ಹೆಂಗಸಿನ ಕಥೆ, ಲೇಖಕಿಗೆ ಅದು ಬಂದಿದ್ದು ತಾಯಿ ಬಾಯಿಂದ. ಇದಕ್ಕೆ ಶಾಸನ ಇಲ್ಲ, ಕೈಫಿಯತ್ (ಊರಿನ ಹಳೇ ಸಂಗತಿ ಬರೆದಿಟ್ಟ ಕಡತ) ಇಲ್ಲ, ಯಾವ ಇಂಗ್ಲಿಷ್ ಅಧಿಕಾರಿಯೂ ಬರೆದಿಲ್ಲ. ಎಷ್ಟು ನಿಜ ಅಂತ ಕೇಳಿದ್ರೆ ಹೋಲಿಸಿ ನೋಡೋಕೆ ಬೇರೆ ಏನೂ ಇಲ್ಲ. ಮಡಿ ಸೀರೆ ಉಟ್ಟು ಕತ್ತಲೆ ಕೋಣೇಲಿ ಬದುಕು ಕಳೆದ ನಮ್ಮ ಮಲೆನಾಡಿನ ಎಷ್ಟೋ ಅಜ್ಜಿಯರ ಹೆಸರು ಜಮೀನಿನ ಪತ್ರದಲ್ಲೂ ಇಲ್ಲ, ಅವರಿಗೆ ಸಿಕ್ಕಿರೋ ದಾಖಲೆ ಅಂದ್ರೆ ಇಂಥದ್ದೊಂದು ಕಾದಂಬರಿಯೇ. ರಾಣಿಯ ಕಾದಂಬರಿ ಓದುವಾಗ ನಾನು ಅನುಮಾನ ಇಟ್ಕೊಂಡು ಓದ್ತೀನಿ, ಇದನ್ನ ಓದುವಾಗ ಹಂಗೆ ಓದೋಕೆ ಆಗಲ್ಲ, ಓದಬಾರದು ಕೂಡ. ಶರಾವತಿ ಮುಳುಗಡೆ ಬಗ್ಗೆ ಸಾಗರದ ನಾ. ಡಿಸೋಜ ಬರೆದಿದ್ದೂ ಹಾಗೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗೀತು ಅಂತ ಸರ್ಕಾರದ ಕಡತದಲ್ಲಿದೆ, ಮನೆ ಬಿಟ್ಟು ಹೊರಟವರ ಸಂಕಟ ಅಲ್ಲಿಲ್ಲ. ಅವರೇ ಲೋಕೋಪಯೋಗಿ ಇಲಾಖೇಲಿ ಕೆಲಸ ಮಾಡಿದವರು, ಆ ಜನರನ್ನ ಹತ್ತಿರದಿಂದ ಕಂಡವರು. ಪಾತ್ರಗಳ ಹೆಸರು ಕಲ್ಪನೆ ಇರಬಹುದು, ನೀರು ಏರಿದ್ದು ಕಲ್ಪನೆ ಅಲ್ಲ.

ಇನ್ನು ನೀವೇ ಚೆಕ್ ಮಾಡೋದು ಹೇಗೆ ಅಂತ ಕೇಳಿದ್ರಲ್ಲ. ಮೊದಲು ಪುಸ್ತಕದ ಮುನ್ನುಡಿ, ಲೇಖಕರ ಮಾತು ಬಿಡದೇ ಓದಿ, ಎಷ್ಟೋ ಜನ ನೇರ ಕಥೆಗೇ ಹಾರ್ತಾರೆ, ಪ್ರಾಮಾಣಿಕ ಲೇಖಕರು ಅಲ್ಲೇ ಯಾವುದು ಆಧಾರ ಯಾವ ಪಾತ್ರ ತಮ್ಮದು ಅಂತ ಹೇಳಿರ್ತಾರೆ. ಓದುವಾಗ ಒಂದು ದೃಶ್ಯ ಬಂದ್ರೆ ಇದನ್ನ ನೋಡಿದವರು ಯಾರಿದ್ರು, ಅವರು ಬದುಕಿ ಉಳಿದು ಹೇಳಿರಬಹುದಾ ಅಂತ ಕೇಳ್ಕೊಳಿ, ಇದೊಂದು ಪ್ರಶ್ನೆಗೇ ಅರ್ಧ ಕೆಲಸ ಮುಗಿಯುತ್ತೆ. ಆಮೇಲೆ ಒಂದೇ ಪುಸ್ತಕ ನಂಬ್ಕೊಂಡು ಕೂರಬೇಡಿ. ಬಿದನೂರಿನ ವಿಷಯಕ್ಕೆ ವಿಲ್ಕ್ಸ್ ಒಂದು ಕಡೆ ಆದ್ರೆ ಕೆಳದಿಯವರದ್ದೇ ಆದ ಲಿಂಗಣ್ಣ ಕವಿಯ 'ಕೆಳದಿನೃಪವಿಜಯಂ' ಇನ್ನೊಂದು ಕಡೆ ಇದೆ, ಅದು ಆಸ್ಥಾನದ ಕಡೆಯಿಂದ ಹೊಗಳಿ ಬರೆದಿದ್ದು, ಅದನ್ನೂ ತೂಗಿ ನೋಡ್ಬೇಕು. ನಮ್ಮ ಜಿಲ್ಲೆಯ ಬಹಳಷ್ಟು ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕಾ ಅನ್ನೋ ಶಾಸನ ಸಂಗ್ರಹದ 7 ಮತ್ತು 8ನೇ ಸಂಪುಟದಲ್ಲಿವೆ, ಬಿ.ಎಲ್. ರೈಸ್ ಅವರು ತಂದಿದ್ದು, ಸ್ಕ್ಯಾನ್ ಕಾಪಿ ಇಂಟರ್‌ನೆಟ್ಟಲ್ಲಿ ಫ್ರೀ ಆಗಿ ಸಿಗುತ್ತೆ, ತಾಲೂಕು ಪ್ರಕಾರ ಜೋಡಿಸಿರೋದ್ರಿಂದ ನಿಮ್ಮೂರಿಂದು ಇದೆಯಾ ಅಂತ ಹುಡುಕೋದು ಸುಲಭ. ಮುಂದಿನ ರಜೆಗೆ ಸಾಗರದ ಕಡೆ ಹೋದ್ರೆ ಕೆಳದಿ ದೇವಸ್ಥಾನದ ಜೊತೆ ಅಲ್ಲಿನ ಮ್ಯೂಸಿಯಮ್ಮನ್ನೂ ನೋಡಿ, ಕೆಳದಿ ಗುಂಡಾ ಜೋಯಿಸರು ಕಟ್ಟಿ ಬೆಳೆಸಿದ್ದು, ತಾಳೆಗರಿ, ಹಳೇ ಕಡತ ಎಲ್ಲ ಇವೆ. ಮಗಳನ್ನ ಕರ್ಕೊಂಡೇ ಹೋಗಿ, ಅಲ್ಲಿರೋರ ಹತ್ರ ಪ್ರಶ್ನೆ ಕೇಳೋಕೆ ಅವಳಿಗೇ ಬಿಡಿ.