ಹೆದ್ದಾರಿ ಸದ್ದಿಗೆ ಗೋಡೆ: ಬ್ಲಾಕ್ ತರಿಸುವ ಮೊದಲು ಬರೆ (ಮಣ್ಣಿನ ಕಡಿದಾದ ಇಳಿಜಾರು) ನೋಡಿ

ಕುಶಾಲನಗರದಿಂದ ಸುಂಟಿಕೊಪ್ಪ, ಮಡಿಕೇರಿ ಹಾದು ಸಂಪಾಜೆಗೆ ಇಳಿಯುವ ರಾಷ್ಟ್ರೀಯ ಹೆದ್ದಾರಿ 275ರ ಬದಿಯ ಮನೆಯವರು ಲಾರಿ ಸದ್ದು ತಾಳಲಾರದೆ ಮೊದಲು ಮಾಡುವುದು ಗಿಡ ನೆಡುವ ಕೆಲಸ. ಸಿಲ್ವರ್ ಓಕ್ ಸಾಲಿನಿಂದ ರಸ್ತೆ ಮರೆಯಾಗುತ್ತದೆ, ಸದ್ದು ಮರೆಯಾಗುವುದಿಲ್ಲ. ನೆಲಮಟ್ಟದಿಂದಲೇ ಒತ್ತಾಗಿ ಬೆಳೆದ ಸುಮಾರು 30 ಮೀಟರ್ ಅಗಲದ ಹಸಿರಿದ್ದರೆ 5 ಡೆಸಿಬಲ್ ಇಳಿಯಬಹುದು. ಅಷ್ಟು ಜಾಗ ಯಾರಿಗಿದೆ? ಬೇಲಿಗೆ ತಗಡು ಹೊಡೆಸುವುದೂ ಅಷ್ಟೇ. ಸದ್ದಿನ ತಡೆ ಚದರ ಮೀಟರಿಗೆ ಕನಿಷ್ಠ 10 ಕೆ.ಜಿ. ತೂಗಬೇಕು, 20 ಇದ್ದರೆ ಒಳ್ಳೆಯದು. ಅರ್ಧ ಮಿಲಿಮೀಟರ್ ತಗಡು ತೂಗುವುದು ಸುಮಾರು 4 ಕೆ.ಜಿ.

ಆರು ಇಂಚಿನ ಸಾಲಿಡ್ ಬ್ಲಾಕ್ ಗೋಡೆ ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಭಾರ. ಅದರೊಳಗಿಂದ ಸದ್ದು ಬರುವುದಿಲ್ಲ, ತಲೆಯ ಮೇಲಿಂದ ಬಗ್ಗಿ ಬರುತ್ತದೆ. ಹಾಗಾಗಿ ದಪ್ಪಕ್ಕಿಂತ ಎತ್ತರ ಮುಖ್ಯ. ಕಿಟಕಿಯಲ್ಲಿ ನಿಂತಾಗ ಎಂಜಿನ್ನೂ ಟೈರೂ ಕಾಣದಷ್ಟು ಮರೆಯಾದರೆ ಸುಮಾರು 5 ಡೆಸಿಬಲ್ ಲಾಭ, ಅಲ್ಲಿಂದ ಮೇಲೆ ಪ್ರತಿ ಮೀಟರಿಗೆ ಒಂದೂವರೆಯಷ್ಟು. 10 ಡೆಸಿಬಲ್ ಇಳಿದರೆ ಕಿವಿಗೆ ಸದ್ದು ಅರ್ಧವಾದಂತೆ. ಒಟ್ಟು ಸದ್ದಿಗೆ ಅದಕ್ಕಿಂತ ಹೆಚ್ಚು ಭರವಸೆ ಕೊಡುವ ಗುತ್ತಿಗೆದಾರರನ್ನು ನಂಬಬೇಡಿ.

ಒಂದು ಲೆಕ್ಕ ನೋಡಿ. ರಸ್ತೆ, ಅಂಗಳ ಒಂದೇ ಮಟ್ಟದಲ್ಲಿವೆ. ವಾಹನದಿಂದ 5 ಮೀಟರ್ ದೂರಕ್ಕೆ ಎರಡೂವರೆ ಮೀಟರ್ ಗೋಡೆ, ಅಲ್ಲಿಂದ 8 ಮೀಟರಿಗೆ ಮನೆ. ನೆಲಮಹಡಿಯಲ್ಲಿ ಕೂತವರಿಗೆ 500 ಹರ್ಟ್ಸ್‌ನ, ಅಂದರೆ ಮಧ್ಯಮ ಸ್ವರದ, ಸದ್ದು ಲೆಕ್ಕದ ಪ್ರಕಾರ 14 ಡೆಸಿಬಲ್ ಇಳಿಯುತ್ತದೆ. ಎಂಜಿನ್ನಿನಂಥ ತಗ್ಗು ಸ್ವರದ, 125 ಹರ್ಟ್ಸ್‌ನ ಗುಡುಗು ಒಂಬತ್ತೂವರೆ ಮಾತ್ರ. ಮಹಡಿಯ ಕಿಟಕಿಯಲ್ಲಿ 500 ಹರ್ಟ್ಸ್‌ನದೂ 7ಕ್ಕಿಂತ ಕಡಿಮೆ. ನಿಜದಲ್ಲಿ ಇದಕ್ಕಿಂತಲೂ ಒಂದಿಷ್ಟು ಕಡಿಮೆಯೇ ಸಿಗುತ್ತದೆ. ಮಳೆಗಾಲದಲ್ಲಿ ಒದ್ದೆ ರಸ್ತೆಯ ಟೈರ್ ಸದ್ದಿಗೆ ಗೋಡೆ ಚೆನ್ನಾಗಿ ಒದಗುತ್ತದೆ, ಏರಿನಲ್ಲಿ ಸಣ್ಣ ಗೇರಿಗೆ ಬಿದ್ದು ಏದುವ ಲಾರಿಗೆ ಅಷ್ಟಿಲ್ಲ.

ಆದರೆ ಕೊಡಗಿನಲ್ಲಿ ಸಮತಟ್ಟು ಜಾಗ ಎಲ್ಲಿದೆ? ಮನೆ ರಸ್ತೆಗಿಂತ ಕೆಳಗಿದ್ದರೆ ರಸ್ತೆಯಂಚೇ ಅರ್ಧ ತಡೆ. ಅಲ್ಲಿ ಒಂದು ಮೀಟರಿನ ಗಟ್ಟಿ ಮೋಟುಗೋಡೆ ಅಂಗಳದ ಎತ್ತರದ ಕಾಂಪೌಂಡಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಆ ಜಾಗ ಹೆದ್ದಾರಿಯದು, ಅನುಮತಿ ಇಲ್ಲದೆ ಮುಟ್ಟುವಂತಿಲ್ಲ. ಮನೆ ಬರೆಯ ಮೇಲಿದ್ದರೆ ಬರೆಯಂಚಿನ ಒಂದೂವರೆ ಮೀಟರ್ ಗೋಡೆ ಸಾಕು ಎಂದು ಲೆಕ್ಕ ಹೇಳುತ್ತದೆ, ಮಣ್ಣು ಬೇರೆಯೇ ಹೇಳುತ್ತದೆ. ಆಷಾಢದ ಮಳೆಯಲ್ಲಿ ನೀರು ಕುಡಿದ ಬರೆಯ ತಲೆಯ ಮೇಲೆ ಚದರ ಮೀಟರಿಗೆ 300 ಕೆ.ಜಿ.ಯ ಗೋಡೆ ಹೇರುವುದು ಕುಸಿತವನ್ನು ಕೈಬೀಸಿ ಕರೆದಂತೆ. ಅಂಥಲ್ಲಿ ಅಂಚಿನಿಂದ ಹಿಂದೆ ಸರಿದು, ಕಬ್ಬಿಣದ ಕಂಬಗಳಿಗೆ 18 ಮಿ.ಮೀ. ಸಿಮೆಂಟ್ ಫೈಬರ್ ಬೋರ್ಡ್ ಕೂರಿಸಿ: ಚದರ ಮೀಟರಿಗೆ ಸುಮಾರು 24 ಕೆ.ಜಿ., ಸದ್ದಿಗೆ ಧಾರಾಳ ಸಾಕು. ಗಾಳಿಯ ಒತ್ತಡಕ್ಕೆ ಕಂಬದ ಬುಡ ಎಷ್ಟು ಆಳ ಇಳಿಯಬೇಕೆಂದು ಎಂಜಿನಿಯರ್ ಹೇಳಲಿ.

ಬ್ಲಾಕ್ ಗೋಡೆಯನ್ನೇ ಕಟ್ಟುವುದಾದರೆ 16×8×6 ಇಂಚಿನದು ಚದರ ಮೀಟರಿಗೆ ಹನ್ನೆರಡೂವರೆ ಬೇಕು. 10 ಮೀಟರ್ ಉದ್ದ, 2.4 ಮೀಟರ್ ಎತ್ತರಕ್ಕೆ 300. ಪಾಯ ತುಂಬುಮಣ್ಣು ದಾಟಿ ಗಟ್ಟಿ ನೆಲ ಮುಟ್ಟಲಿ, ಸುಮಾರು ಮೂರು ಮೀಟರಿಗೊಂದು ಪಿಲ್ಲರ್ ಇರಲಿ. ಮೇಸ್ತ್ರಿಗಳು ಅಡ್ಡಸಂದಿಗೆ ಗಾರೆ ಹಾಕಿ ನಿಲುವುಸಂದಿಯನ್ನು ಅರೆಬರೆ ಬಿಡುತ್ತಾರೆ. ಸದ್ದು ಸೋರುವುದು ಅಲ್ಲೇ. ರಾತ್ರಿ ಆಚೆಯಿಂದ ಟಾರ್ಚ್ ಬಿಟ್ಟು ನೋಡಿ, ಬೆಳಕು ಕಂಡಲ್ಲೆಲ್ಲ ಗಾರೆ ತುಂಬಿಸಿ. ಮಳೆನೀರಿನ ದಾರಿಯನ್ನು ಮಾತ್ರ ಮುಚ್ಚಬಾರದು: ಬುಡದಲ್ಲಿ ಮೂರಿಂಚಿನ ಪೈಪಿಟ್ಟು ಬಾಯಿಗೆ ಎಲ್ಬೋ ಹಾಕಿ ಕೆಳಮುಖ ಮಾಡಿ. ಗ್ರಿಲ್ ಗೇಟ್ ಇಟ್ಟರೆ ಖರ್ಚೆಲ್ಲ ದಂಡ. 2 ಮಿ.ಮೀ. ಶೀಟಿನ ಗೇಟಿಗೆ ಅಡಿಯಲ್ಲಿ ರಬ್ಬರ್ ಪಟ್ಟಿ ಬೇಕು.

ಉದ್ದದ ವಿಷಯ ಇನ್ನೂ ಕಷ್ಟ. ಮನೆ ಗೋಡೆಯಿಂದ 8 ಮೀಟರ್ ಹಿಂದಿದ್ದರೆ ಗೋಡೆ ಎರಡೂ ಕಡೆ ಅದರ ನಾಲ್ಕು ಪಟ್ಟು, ಅಂದರೆ 32 ಮೀಟರ್, ಚಾಚಬೇಕು. ಸೈಟು ಅಷ್ಟಿಲ್ಲದವರು ಮೂಲೆಯಲ್ಲಿ ತಿರುಗಿಸಿ ಪಕ್ಕದ ಗಡಿಯಗುಂಟ ಹಿಂದಕ್ಕೆ ಎಳೆಯಲಿ. ತಿರುವಿನಲ್ಲಿ ಗೇಟಿದ್ದರೆ ಚಾಲಕರಿಗೆ ರಸ್ತೆ ಕಾಣುವಷ್ಟು ಜಾಗ ಬಿಡಲೇಬೇಕು. ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸಬೇಡಿ. ಮೆತ್ತನೆಯ ಮಣ್ಣು, ಹುಲ್ಲು ಸದ್ದನ್ನು ಒಂದಿಷ್ಟು ಹೀರುತ್ತವೆ.

ಮಹಡಿಗೆ ಗೋಡೆಯ ದುಡ್ಡು ಕಿಟಕಿಗೆ ಹೋಗಲಿ. ಸ್ಲೈಡಿಂಗ್ ಬದಲು ರಬ್ಬರ್ ಗ್ಯಾಸ್ಕೆಟ್ ಇರುವ ಬಾಗಿಲಿನಂತೆ ತೆರೆಯುವ ಕಿಟಕಿ, 6 ಮಿ.ಮೀ. ಗಾಜು. ಮೇಲೆ ಬರೀ ಮಂಗಳೂರು ಹೆಂಚಿದ್ದರೆ ಮೊದಲು ಸೀಲಿಂಗ್ ಮಾಡಿಸಿ, ಇಲ್ಲವಾದರೆ ಕಿಟಕಿ ಬದಲಿಸಿಯೂ ಸುಖವಿಲ್ಲ.

2023ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆಯಾದ ಮೈಸೂರು–ಕುಶಾಲನಗರ ಚತುಷ್ಪಥದಂಥ ರಸ್ತೆಯ ಬದಿ ಬಡಾವಣೆಯವರು ಒಟ್ಟಾಗಿ ತಡೆಗೋಡೆ ಕೇಳುವುದು ಒಬ್ಬೊಬ್ಬರೇ ಕಟ್ಟುವುದಕ್ಕಿಂತ ಮೇಲು. 2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ 45 ಡೆಸಿಬಲ್ ಮಿತಿ ಇದೆ. ಅರ್ಜಿಯ ಜತೆ ರಾತ್ರಿಯ ಅಳತೆ ಇರಲಿ. ಎದುರು ಬದಿಯಲ್ಲೂ ಮನೆಗಳಿದ್ದರೆ ರಸ್ತೆಯತ್ತ ಸದ್ದು ಹೀರುವ ಮುಖ ಕೇಳಿ, ಇಲ್ಲದಿದ್ದರೆ ಪ್ರತಿಫಲನ ಅವರ ಪಾಲಿಗೆ. ಆನೆಗಳು ಓಡಾಡುವ ಆನೆಕಾಡು ಅರಣ್ಯದಂಥ ಕಡೆ ಉದ್ದಕ್ಕೆ ಗೋಡೆ ಎಬ್ಬಿಸಿದರೆ ಆನೆ ರಸ್ತೆಯಲ್ಲೇ ಸಿಕ್ಕಿಬೀಳುತ್ತದೆ. ಅಲ್ಲಿ ತಡೆ ಬೇಡ. ಊರೊಳಗೆ ಕಾಲುದಾರಿಗೆ ಕಂಡಿ ಬಿಡಲೇಬೇಕಾದರೆ ಎರಡು ಗೋಡೆಗಳ ತುದಿ ಒಂದರ ಹಿಂದೊಂದು, ನಡುವಿನ ಸಂದಿಯ ಮೂರು ಪಟ್ಟು ಉದ್ದ ಹಾಯುವಂತೆ ಕಟ್ಟಿಸಿ.