ಕಮ್ಮಟದಲ್ಲಿ ಓದಿದರೆ ಕಾದಂಬರಿ ಕಳುವಾಗುತ್ತದೆಯೇ?

ಪ್ರಶ್ನೆ: ಒಂದು ಕಾದಂಬರಿ ಬರೆದು ಮುಗಿಸಿದ್ದೇನೆ. ತಾವು ನಡೆಸುವ ಕಾದಂಬರಿ ಕಮ್ಮಟಕ್ಕೆ ಬರಬೇಕೆಂಬ ಆಸೆಯಿದೆ. ಆದರೆ ಅಲ್ಲಿ ಹಸ್ತಪ್ರತಿಯನ್ನು ಎಲ್ಲರೆದುರು ಓದಬೇಕಾಗುತ್ತದೆ ಎಂದು ಕೇಳಿದ್ದೇನೆ. ಯಾರಾದರೂ ನನ್ನ ಕಥೆಯನ್ನು ಕದ್ದು ಮೊದಲೇ ಪ್ರಕಟಿಸಿಬಿಟ್ಟರೆ ಏನು ಮಾಡಲಿ? ಕಾಪಿರೈಟ್ ಮಾಡಿಸಿಕೊಂಡೇ ಬರಲೇ? (ಸಿಂಧನೂರಿನ ಓದುಗರೊಬ್ಬರು)

ಉತ್ತರ: ಕೊಪ್ಪಳದಲ್ಲಿ ಕಮ್ಮಟ ಆರಂಭಿಸಿದಂದಿನಿಂದ ನನಗೆ ಅತಿ ಹೆಚ್ಚು ಸಲ ಬಂದಿರುವ ಪ್ರಶ್ನೆ ಇದು. ಕುಷ್ಟಗಿಯವರು ಕೇಳಿದ್ದಾರೆ, ಸಿರುಗುಪ್ಪದವರು ಕೇಳಿದ್ದಾರೆ, ಲಿಂಗಸುಗೂರಿನವರು ಕೇಳಿದ್ದಾರೆ. ಫೋನಿನಲ್ಲಿ ಅರ್ಧ ಗಂಟೆ ವಿವರಿಸಿ, ಮನವರಿಕೆಯಾಯಿತೆಂದು ನಾನು ನಂಬಿಕೊಂಡ ಮೇಲೂ, ಅದೇ ಲೇಖಕರು ಕಮ್ಮಟಕ್ಕೆ ಬಂದು, ಮುನ್ನೂರು ಪುಟಗಳ ಹಸ್ತಪ್ರತಿಯನ್ನು ಚೀಲದಿಂದ ಹೊರಗೆ ತೆಗೆಯದೆ ಎರಡು ದಿನ ಕುಳಿತು ಎದ್ದುಹೋದದ್ದನ್ನು ಕಂಡಿದ್ದೇನೆ. ಆದ್ದರಿಂದ ಈ ಸಲ ಏನನ್ನೂ ಬಿಡದೆ ಬರೆಯುತ್ತಿದ್ದೇನೆ. ಮುಂದೆ ಕೇಳುವವರಿಗೆ ಇದನ್ನೇ ಓದಲು ಕೊಡುತ್ತೇನೆ.

ಮೊದಲು ಚಿಕ್ಕ ಉತ್ತರ. ಧೈರ್ಯವಾಗಿ ಬನ್ನಿ. ಕಾಪಿರೈಟ್ ‘ಮಾಡಿಸಿಕೊಂಡು’ ಬರುವ ಅಗತ್ಯವಿಲ್ಲ, ಏಕೆಂದರೆ ಅದು ಈಗಾಗಲೇ ನಿಮ್ಮದು.

ಕೃತಿಸ್ವಾಮ್ಯವನ್ನು, ಅಂದರೆ ನೀವು ಹೇಳುವ ಕಾಪಿರೈಟನ್ನು, ಯಾವ ಕಚೇರಿಯೂ ಲೇಖಕರಿಗೆ ದಯಪಾಲಿಸುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ನೀವು ಸ್ವಂತವಾಗಿ ರಚಿಸಿದ ಕಾದಂಬರಿ ನೋಟುಬುಕ್ಕಿನಲ್ಲಿಯೋ ಕಂಪ್ಯೂಟರಿನಲ್ಲಿಯೋ ಬರಹವಾಗಿ ಮೂಡಿದ ಕ್ಷಣದಿಂದಲೇ ಅದರ ಸ್ವಾಮ್ಯ ನಿಮ್ಮದಾಗುತ್ತದೆ, ನಿಮ್ಮ ಜೀವಿತಾವಧಿಯುದ್ದಕ್ಕೂ ಇರುತ್ತದೆ, ನಿಮ್ಮ ನಂತರ 60 ವರ್ಷ ನಿಮ್ಮ ವಾರಸುದಾರರ ಬಳಿ ಉಳಿಯುತ್ತದೆ. ನೋಂದಣಿ ಎಂಬುದು ಬೇರೆ ಸಂಗತಿ. ದೆಹಲಿಯ ಕೃತಿಸ್ವಾಮ್ಯ ಕಚೇರಿಗೆ 14ನೆಯ ನಮೂನೆಯಲ್ಲಿ ಅರ್ಜಿ ಸಲ್ಲಿಸಿ, ಸಾಹಿತ್ಯ ಕೃತಿಗೆ ನಿಗದಿಯಾದ 500 ರೂಪಾಯಿ ಶುಲ್ಕ ಕಟ್ಟಿದರೆ, ಆಕ್ಷೇಪಣೆಗಳಿಗಾಗಿ 30 ದಿನ ಕಾದು, ಪರಿಶೀಲಿಸಿ, ನೋಂದಾಯಿಸಿಕೊಳ್ಳುತ್ತಾರೆ. ಪ್ರಕಟವಾಗದ ಕೃತಿಗೂ ಇದು ಸಾಧ್ಯ. ನಾಳೆ ವ್ಯಾಜ್ಯವೇನಾದರೂ ಬಂದರೆ ಆ ನೋಂದಣಿಯನ್ನು ನ್ಯಾಯಾಲಯ ಮೇಲ್ನೋಟದ ಸಾಕ್ಷ್ಯವಾಗಿ, ಅಂದರೆ ತಪ್ಪೆಂದು ಯಾರಾದರೂ ತೋರಿಸಿಕೊಡುವವರೆಗೆ ನಂಬಬಹುದಾದ ಸಾಕ್ಷ್ಯವಾಗಿ, ಸ್ವೀಕರಿಸುತ್ತದೆ. ಅದರಿಂದ ನಿಮಗೆ ನೆಮ್ಮದಿ ಸಿಗುವುದಾದರೆ ಖಂಡಿತ ಮಾಡಿಸಿ. ಆದರೆ ಕಮ್ಮಟದಲ್ಲಿ ತಿದ್ದುವ ಮೊದಲಿನ ಕರಡನ್ನು ನೋಂದಾಯಿಸಿ, ಆಮೇಲೆ ಅರ್ಧ ಪುಸ್ತಕವನ್ನೇ ಬದಲಿಸಿದರೆ, ಕಚೇರಿಯಲ್ಲಿರುವುದು ಒಂದು ಪುಸ್ತಕ, ನಿಮ್ಮ ಕೈಯಲ್ಲಿರುವುದು ಇನ್ನೊಂದು ಎಂದಾಗುತ್ತದೆ. ತಿದ್ದಿದ ಮೇಲೆ ಮಾಡಿಸುವುದು ಲೇಸು. ಬರೆದ ಕಾಲಕ್ಕೆ ಅಂಚೆಯ ಮೊಹರೇ ಸಾಕ್ಷಿಯಾಗಲೆಂದು, ಹಸ್ತಪ್ರತಿಯನ್ನು ಲಕೋಟೆಯಲ್ಲಿಟ್ಟು ತಮ್ಮ ವಿಳಾಸಕ್ಕೆ ತಾವೇ ಅಂಚೆಯಲ್ಲಿ ಕಳಿಸಿಕೊಂಡು, ಒಡೆಯದೆ ಬೀರುವಿನಲ್ಲಿಡುವ ಪದ್ಧತಿಯೊಂದಿದೆ. ಅಂಥದ್ದಕ್ಕೆ ನಮ್ಮ ಕಾಯ್ದೆಯಲ್ಲಿ ಎಲ್ಲಿಯೂ ಸ್ಥಾನವಿಲ್ಲ. ತಾರೀಖು ಹಾಕಿದ ಕೈಬರಹದ ಕರಡುಗಳನ್ನು ಎಸೆಯದೆ ಇಟ್ಟುಕೊಳ್ಳುವುದು ಅದಕ್ಕಿಂತ ಹೆಚ್ಚು ಉಪಯುಕ್ತ.

ಇಷ್ಟು ಹೇಳಿದಾಗ ತಪ್ಪದೆ ಬರುವ ಮಾತು: “ಸರ್, ಪುಟಗಳನ್ನು ಯಾರೂ ಕದಿಯುವುದಿಲ್ಲ ಸರಿ, ಕಥೆಯನ್ನು ಕದಿಯುತ್ತಾರಲ್ಲ?” ಹಟ ಹಿಡಿದು ಕುಳಿತಿರುವ ತಪ್ಪು ಕಲ್ಪನೆ ಇದೇ. ಇದನ್ನು ಬೇರುಸಹಿತ ಕೀಳದೆ ಬಿಡಲು ನನಗೆ ಮನಸ್ಸಿಲ್ಲ.

1953ರಲ್ಲಿ ಆರ್.ಜಿ. ಆನಂದ್ ಎಂಬವರು ‘ಹಮ್ ಹಿಂದೂಸ್ತಾನಿ’ ಎಂಬ ಹಿಂದಿ ನಾಟಕ ಬರೆದರು. ಪಂಜಾಬಿ ಕುಟುಂಬ, ಮದ್ರಾಸಿ ಕುಟುಂಬ, ಆ ಎರಡು ಮನೆಗಳ ಹುಡುಗ ಹುಡುಗಿಯರ ಪ್ರೀತಿ ಅದರ ವಸ್ತು. ನಾಟಕಕಾರರು ಅದನ್ನು ಚಲನಚಿತ್ರ ನಿರ್ಮಾಪಕರೊಬ್ಬರಿಗೆ ಪೂರ್ತಿ ಓದಿ ಹೇಳಿದ್ದರು. 1956ರಲ್ಲಿ ಅದೇ ನಿರ್ಮಾಪಕರ ‘ನ್ಯೂ ಡೆಲ್ಲಿ’ ಎಂಬ ಚಿತ್ರ ಬಂದಾಗ, ಇದು ನನ್ನ ನಾಟಕವೇ ಎಂದು ಆನಂದ್ ದಾವೆ ಹೂಡಿದರು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ 1978ರಲ್ಲಿ ತೀರ್ಮಾನವಾಯಿತು. ಪ್ರಾಂತೀಯತೆಯೆಂಬ ವಿಚಾರ ಎರಡರಲ್ಲಿಯೂ ಇರುವುದು ನಿಜ, ಆದರೆ ವಿಚಾರಕ್ಕೆ, ವಸ್ತುವಿಗೆ, ಕಥೆಯ ಎಳೆಗೆ ಕೃತಿಸ್ವಾಮ್ಯವಿಲ್ಲ, ಅದನ್ನು ಒಬ್ಬ ಲೇಖಕ ಕಟ್ಟಿದ ರೀತಿಗೆ ಮಾತ್ರ ಇದೆ, ಚಿತ್ರವು ಬಾಡಿಗೆ ಮನೆ, ವರದಕ್ಷಿಣೆ ಮುಂತಾದ ಬೇರೆ ದಾರಿಗಳಲ್ಲಿ ನಡೆದಿದೆ ಎಂದು ನ್ಯಾಯಾಲಯ ಹೇಳಿತು. ನಾಟಕಕಾರರು ಸೋತರು.

ನೀವು ಇದನ್ನೋದಿ, “ನೋಡಿ, ಓದಿ ಹೇಳಿದ್ದಕ್ಕೇ ಹೀಗಾಯಿತು” ಎನ್ನಬಹುದು. ಎರಡನೆಯ ಸಲ ಓದಿ. ವಿಚಾರ ಯಾರ ಸ್ವತ್ತೂ ಅಲ್ಲವೆಂದ ಮೇಲೆ, ನೀವು ಚೀಲದಲ್ಲಿ ಮುಚ್ಚಿಟ್ಟದ್ದನ್ನು ಕೊಪ್ಪಳಕ್ಕೆ ಕಾಲಿಡದ ಇನ್ನೊಬ್ಬರು, ನಿಮ್ಮ ಹೆಸರೇ ಕೇಳದವರು, ಇಂದು ರಾತ್ರಿಯೇ ಯೋಚಿಸುತ್ತಿರಬಹುದು. ಅದನ್ನು ಯಾವ ಚೀಲವೂ ತಡೆಯುವುದಿಲ್ಲ. ನಿಮ್ಮದು ಎಂದು ಹೇಳಿಕೊಳ್ಳಲು ಇರುವುದು ನೀವು ಬರೆದ ವಾಕ್ಯಗಳು, ಕಟ್ಟಿದ ಪ್ರಸಂಗಗಳು, ಆಡಿಸಿದ ಮಾತುಗಳು, ಜೋಡಿಸಿದ ಕ್ರಮ. ಕಮ್ಮಟ ಗಟ್ಟಿಗೊಳಿಸುವುದು ಅದನ್ನೇ.

ನನ್ನೆದುರು ನಡೆದದ್ದನ್ನು ಹೇಳುತ್ತೇನೆ. ಒಂದು ವರ್ಷ ಮೂವರು ಒಂದೇ ವಸ್ತು ಹಿಡಿದು ಬಂದರು: ಮಳೆಯಿಲ್ಲದ ವರ್ಷ, ಊರು ಬಿಟ್ಟು ಗುಳೆ ಹೋಗುವ ಕುಟುಂಬ, ಮನೆ ಕಾಯಲು ಉಳಿಯುವ ಮುದುಕಿ. ಮೊದಲನೆಯವರು ಓದುತ್ತಿದ್ದಂತೆ ಉಳಿದಿಬ್ಬರ ಮುಖ ಬಾಡಿತು. ಸಂಜೆಯ ಹೊತ್ತಿಗೆ ಮೂವರದೂ ಓದಾಗಿತ್ತು. ಒಬ್ಬರ ಕಾದಂಬರಿ ಬೆಂಗಳೂರಿನ ಕಟ್ಟಡ ಕೆಲಸದ ಶೆಡ್ಡಿನಲ್ಲಿತ್ತು. ಇನ್ನೊಬ್ಬರದು ಶಾಲೆ ಬಿಟ್ಟ ಹುಡುಗಿಯ ಹಾಜರಿ ಪುಸ್ತಕದ ಸುತ್ತ ಸುತ್ತುತ್ತಿತ್ತು. ಮೂರನೆಯದರಲ್ಲಿ ಮುದುಕಿಯೊಬ್ಬಳನ್ನು ಬಿಟ್ಟರೆ ಬೇರೆ ಪಾತ್ರವೇ ಮಾತನಾಡುತ್ತಿರಲಿಲ್ಲ. ಪರಸ್ಪರ ಅದಲು ಬದಲು ಮಾಡಿಕೊಂಡು ಬರೆಯಿರಿ ಎಂದರೂ ಅವರಿಗೆ ಸಾಧ್ಯವಾಗುತ್ತಿರಲಿಲ್ಲ. ಅವರಲ್ಲಿಬ್ಬರು ಈಗಲೂ ಒಬ್ಬರ ಕರಡನ್ನು ಇನ್ನೊಬ್ಬರು ಓದುತ್ತಾರೆಂಬುದು ನನಗೆ ಹೆಮ್ಮೆಯ ಸಂಗತಿ.

ಮುಚ್ಚಿಟ್ಟುಕೊಂಡವರು ಕಳೆದುಕೊಳ್ಳುವುದು ಏನೆಂಬುದಕ್ಕೂ ಒಂದು ಉದಾಹರಣೆ ಕೊಡುತ್ತೇನೆ. ತುಂಗಭದ್ರಾ ಎಡದಂಡೆ ಕಾಲುವೆಯ ರೈತರ ಬಗ್ಗೆ ಬರೆದ ಲೇಖಕರೊಬ್ಬರು, ಕಾಲುವೆಯ ಮೇಲ್ಭಾಗದ ಗಂಗಾವತಿಯಲ್ಲಿ ಭತ್ತದ ನಾಟಿ ನಡೆಯುವ ವಾರವೇ ಕಾಲುವೆಯ ಕೊನೆಭಾಗದ ಹಳ್ಳಿಯಲ್ಲಿಯೂ ನಾಟಿ ನಡೆಯುವಂತೆ ಚಿತ್ರಿಸಿದ್ದರು. ಮಾನ್ವಿ ಕಡೆಯ ಕೇಳುಗರೊಬ್ಬರು ಎದ್ದು, “ಅಷ್ಟೊತ್ತಿಗೆ ನಮ್ಮಲ್ಲಿಗೆ ನೀರೇ ಬಂದಿರಂಗಿಲ್ರೀ” ಎಂದರು. ಮೇಲ್ಭಾಗದವರು ನೀರು ಹಿಡಿದ ಮೇಲೆ ಕೆಳಗಿನವರು ಸಸಿಮಡಿ ನೋಡುತ್ತಾ ಕಾಯುವ ದಿನಗಳು, ರಾತ್ರಿ ಕಾಲುವೆಯ ಮೇಲೆ ನಡೆಯುವ ಕಾವಲು, ತೂಬಿನ ಬಳಿಯ ಜಗಳ, ಎಲ್ಲವನ್ನೂ ಅವರು ಹೇಳುತ್ತಾ ಹೋದರು. ಲೇಖಕರು ಬರೆದುಕೊಳ್ಳುತ್ತಾ ಹೋದರು. ಒಂದು ತಪ್ಪು ತಿದ್ದಲು ಹೊರಟಲ್ಲಿ ಕಾದಂಬರಿಗೆ ಅದರ ನಡುವಿನ ಅಧ್ಯಾಯವೇ ಸಿಕ್ಕಿತು. ಅಚ್ಚಾದ ಮೇಲೆ ಈ ತಪ್ಪು ಕಂಡಿದ್ದರೆ, ರಾಯಚೂರು ಜಿಲ್ಲೆಯ ಒಬ್ಬ ಓದುಗನೂ ಆ ಪುಸ್ತಕವನ್ನು ನಂಬುತ್ತಿರಲಿಲ್ಲ.

ಸಂಭಾಷಣೆಯ ವಿಷಯವೂ ಹೀಗೆಯೇ. “ಎಲ್ಲಿಗಿ ಹೊಂಟಿಯೋ ಯಪ್ಪಾ” ಎಂಬ ಮಾತು ಕಾಗದದ ಮೇಲೆ ಸರಿಯಾಗಿ ಕಂಡರೂ, ಗಟ್ಟಿಯಾಗಿ ಓದಿದಾಗಲೇ ಅದು ಆ ಪಾತ್ರದ ಬಾಯಿಗೆ ಹೊಂದುತ್ತದೋ ಇಲ್ಲವೋ ತಿಳಿಯುವುದು. ಬಳ್ಳಾರಿಯ ಮಾತಿಗೂ ಲಿಂಗಸುಗೂರಿನ ಮಾತಿಗೂ ಇರುವ ವ್ಯತ್ಯಾಸವನ್ನು ಕಣ್ಣಿಗಿಂತ ಮೊದಲು ಕಿವಿ ಹಿಡಿಯುತ್ತದೆ.

ಕದಿಯುತ್ತಾರೆಂಬ ಇದೇ ಭಯ ಪ್ರಕಾಶಕರಿಗೆ ಬರೆಯುವ ಪತ್ರದಲ್ಲಿಯೂ ನುಸುಳುತ್ತದೆ. ಇಂಗ್ಲಿಷ್ ಪ್ರಕಟಣಾ ಲೋಕದಲ್ಲಿ ಲೇಖಕರಿಗೂ ಪ್ರಕಾಶಕರಿಗೂ ನಡುವೆ ಏಜೆಂಟರಿರುತ್ತಾರೆ. ಕನ್ನಡದಲ್ಲಿ ಬಹುಪಾಲು ಅಂಥ ವ್ಯವಸ್ಥೆಯಿಲ್ಲ, ಲೇಖಕರೇ ನೇರವಾಗಿ ಬರೆಯಬೇಕು. ಕಮ್ಮಟದ ಎರಡನೆಯ ದಿನ ಅದನ್ನೇ ಅಭ್ಯಾಸ ಮಾಡಿಸುತ್ತೇವೆ: ಒಂದು ಪುಟದ ಪತ್ರ, ಒಂದೆರಡು ಪುಟದ ಸಾರಾಂಶ, ಮೊದಲ ಮೂವತ್ತು ಪುಟ. ಹತ್ತರಲ್ಲಿ ಏಳು ಮಂದಿ ಸಾರಾಂಶದ ಕೊನೆಗೆ, “ಮುಂದೇನಾಯಿತೆಂಬುದನ್ನು ಕಾದಂಬರಿ ಓದಿಯೇ ತಿಳಿಯಬೇಕು” ಎಂದು ಬರೆದಿರುತ್ತಾರೆ. ಅದು ಬೆನ್ನುಡಿಯ ಮಾತು, ಪುಸ್ತಕ ಕೊಳ್ಳುವವರಿಗೆ ಹೇಳಬೇಕಾದದ್ದು. ತಮ್ಮ ಹಣ ಹಾಕಿ ಅಚ್ಚು ಹಾಕಿಸಬೇಕಾದ ಪ್ರಕಾಶಕರಿಗೆ ಕಾದಂಬರಿ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದು ತಿಳಿಯಲೇಬೇಕು. ಅಂತ್ಯವನ್ನು ಬರೆಯಿರಿ. ಜೊತೆಗೆ, ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಟೈಪು ಮಾಡಿಸಿದ್ದರೆ ಕಳಿಸುವ ಮೊದಲು, ಎಲ್ಲ ಕಂಪ್ಯೂಟರುಗಳಲ್ಲಿಯೂ ತೆರೆಯುವ ಯೂನಿಕೋಡಿಗೆ ಬದಲಿಸಿ, ಒತ್ತಕ್ಷರ ಮತ್ತು ಅರ್ಕಾವತ್ತು ಕೆಟ್ಟಿವೆಯೇ ಎಂದು ಪುಟಪುಟವೂ ನೋಡಿ.

ಇನ್ನು, ನೀವು ಕೇಳದೆ ಇದ್ದರೂ ನಾನು ಹೇಳದೆ ಇರಲಾರದ ಪ್ರಶ್ನೆಯೊಂದಿದೆ. ಪ್ರಕಾಶಕರು ಒಪ್ಪಿದ ಮೇಲೆ ನೀವು ಯಾವ ಕಾಗದಕ್ಕೆ ಸಹಿ ಹಾಕುತ್ತೀರಿ? ಕಮ್ಮಟದ ಗೆಳೆಯರನ್ನು ವರ್ಷಗಟ್ಟಲೆ ಅನುಮಾನಿಸಿದ ಲೇಖಕರೊಬ್ಬರು, ಕೊನೆಗೆ ಒಬ್ಬ ಪ್ರಕಾಶಕರು ಮುಂದಿಟ್ಟ ಒಂದು ಹಾಳೆಗೆ ಓದದೆ ಸಹಿ ಮಾಡಿ ಬಂದರು. “ಈ ಕೃತಿಯ ಸಕಲ ಹಕ್ಕುಗಳನ್ನು ಶಾಶ್ವತವಾಗಿ ಬಿಟ್ಟುಕೊಟ್ಟಿದ್ದೇನೆ” ಎಂಬ ಸಾಲು ಅದರಲ್ಲಿತ್ತು. ಅನುವಾದದ ಹಕ್ಕು, ನಾಟಕ ಮತ್ತು ಸಿನಿಮಾದ ಹಕ್ಕು, ಎಲ್ಲವೂ ಆ ಸಾಲಿನೊಳಗೆ ಹೋದವು. ಅವರು ಆ ಹಾಳೆಯನ್ನು ನನಗೆ ತೋರಿಸಿದ ದಿನದ ಸಂಕಟವನ್ನು ನಾನು ಮರೆತಿಲ್ಲ.

ಕಾಯ್ದೆಯ 19ನೆಯ ಕಲಂ ಲೇಖಕರ ಪರವಾಗಿ ಎಷ್ಟೊಂದು ಹೇಳುತ್ತದೆಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. ಹಕ್ಕುಗಳ ವರ್ಗಾವಣೆ ಲಿಖಿತವಾಗಿರಬೇಕು, ಸಹಿಯಿರಬೇಕು. ಯಾವ ಕೃತಿ, ಯಾವ ಹಕ್ಕು, ಎಷ್ಟು ಅವಧಿ, ಯಾವ ಪ್ರದೇಶ, ಎಷ್ಟು ಗೌರವಧನ ಎಂಬುದು ಅದರಲ್ಲಿ ನಮೂದಾಗಿರಬೇಕು. ಅವಧಿಯನ್ನು ಹೇಳದಿದ್ದರೆ 5 ವರ್ಷವೆಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತವೆಂದೂ ತಿಳಿಯಬೇಕು. ಬೇರೆ ಮಾತಾಗಿಲ್ಲದಿದ್ದರೆ, ಪಡೆದುಕೊಂಡವರು 1 ವರ್ಷದೊಳಗೆ ಬಳಸದ ಹಕ್ಕಿನ ವರ್ಗಾವಣೆ ರದ್ದಾಗುತ್ತದೆ. ಅಂದರೆ ಏನನ್ನೂ ಹೇಳದ ಕಾಗದಕ್ಕಿಂತ ‘ಶಾಶ್ವತವಾಗಿ’ ಎಂದು ಹೇಳುವ ಕಾಗದವೇ ನಿಮಗೆ ಹೆಚ್ಚು ಹಾನಿಕರ. ಆ ಒಂದು ಪದವನ್ನು ಹೊಡೆದುಹಾಕಿ, ‘5 ವರ್ಷ, ಕನ್ನಡ ಮುದ್ರಣದ ಹಕ್ಕು ಮಾತ್ರ’ ಎಂದು ಬರೆಯಿರೆಂದು ಕೇಳಲು ನಾಚಿಕೆಪಡಬೇಡಿ, ಪ್ರಾಮಾಣಿಕ ಪ್ರಕಾಶಕರು ಇದಕ್ಕೆ ಮುನಿಸಿಕೊಳ್ಳುವುದಿಲ್ಲ. ಪುಸ್ತಕವನ್ನು ಗುರುತಿಸುವ ಅಂತಾರಾಷ್ಟ್ರೀಯ ಸಂಖ್ಯೆಯಾದ ಐಎಸ್‌ಬಿಎನ್‌ಗೆಂದು ಪ್ರತ್ಯೇಕ ಹಣ ಕೇಳಿದರೆ, ರಾಜಾ ರಾಮಮೋಹನ್ ರಾಯ್ ಹೆಸರಿನ ರಾಷ್ಟ್ರೀಯ ಸಂಸ್ಥೆ ಆ ಸಂಖ್ಯೆಯನ್ನು ಉಚಿತವಾಗಿಯೇ ಕೊಡುತ್ತದೆ ಎಂದು ತಿಳಿಸಿ.

ಸಹಿ ಮಾಡಿ ಬಂದ ಆ ಲೇಖಕರಿಗೆ ನಾನು ಹೇಳಲು ಸಾಧ್ಯವಾದದ್ದು 57ನೆಯ ಕಲಮಿನ ಒಂದು ಮಾತು ಮಾತ್ರ: ಹಕ್ಕುಗಳನ್ನೆಲ್ಲ ಕೊಟ್ಟ ಮೇಲೂ, ಇದನ್ನು ಬರೆದವರು ತಾವೆಂದು ಹೇಳಿಕೊಳ್ಳುವ ಹಕ್ಕು, ತಮ್ಮ ಗೌರವಕ್ಕೆ ಕುಂದು ಬರುವಂತೆ ಕೃತಿಯನ್ನು ವಿರೂಪಗೊಳಿಸಿದರೆ ಪ್ರಶ್ನಿಸುವ ಹಕ್ಕು ಲೇಖಕರಲ್ಲಿಯೇ ಉಳಿಯುತ್ತದೆ. ಅವರು ಈಗ ಎರಡನೆಯ ಕಾದಂಬರಿ ಬರೆಯುತ್ತಿದ್ದಾರೆ. ಮುಂದಿನ ಕಮ್ಮಟದಲ್ಲಿ ಮೊದಲ ದಿನ ಬೆಳಿಗ್ಗೆ ಅವರದೇ ಓದು. ನೀವು ಸಿಂಧನೂರಿನಿಂದ ಬೇಗನೆ ಹೊರಟರೆ ಅದನ್ನು ಪೂರ್ತಿಯಾಗಿ ಕೇಳಬಹುದು, ಮಧ್ಯಾಹ್ನದ ಊಟದ ನಂತರ ನಿಮ್ಮ ಮೊದಲ ಅಧ್ಯಾಯವನ್ನು ಓದಬಹುದು.