ಕಪ್ಪತಗುಡ್ಡದ ಝರಿಯಲ್ಲಿ ಕರಿ ಮರಳು

ಗದಗ ಜಿಲ್ಲೆಯ ಡೋಣಿಯ ಆಚೆ, ಕಪ್ಪತಗುಡ್ಡದ ರಸ್ತೆಯ ಒಂದು ತಿರುವಿನಲ್ಲಿ ನೀರು ಬೀಳುತ್ತದೆ. ಬೇಸಿಗೆಯಲ್ಲಿ ಹೋಗಿ ಬಂದವರು ಈ ಮಾತಿಗೆ ನಗಬಹುದು. ಹುಬ್ಬಿ, ಉತ್ತರಿ ಮಳೆ ಕೈಹಿಡಿದ ವರ್ಷ ಮಾತ್ರ ಎರಡಾಳು ಎತ್ತರದ ಬಂಡೆಯಿಂದ ಝರಿ ಇಳಿಯುತ್ತದೆ. ಮಳೆ ನಿಂತು ಹದಿನೈದು ದಿನ ಕಳೆದರೆ ಒಣಗಿದ ಪಾಚಿಯ ಗೆರೆಯಷ್ಟೇ ಉಳಿಯುತ್ತದೆ. ಜಲಪಾತ ಎಂದರೆ ಹೆಚ್ಚಾದೀತು; ಬೋರ್ಡೂ ಇಲ್ಲ, ಹೆಸರೂ ಇಲ್ಲ. ಆದರೂ ಮಳೆಗಾಲದ ಭಾನುವಾರಗಳಲ್ಲಿ ಇಲ್ಲಿ ಬೈಕ್ ನಿಲ್ಲಿಸಲು ಜಾಗ ಸಿಗುವುದಿಲ್ಲ.

ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಎರೆನೆಲದ ಸೀಮೆಯಲ್ಲಿ ಇಷ್ಟು ನೀರು ಕಾಣಿಸುವುದೇ ಹೆಚ್ಚು. ಬಯಲಿನ ಎರೆಮಣ್ಣು ಮಳೆಯನ್ನು ಕುಡಿದು ಸುಮ್ಮನಾಗುತ್ತದೆ. ಗುಡ್ಡದ ಮೇಲೆ ಮಣ್ಣಿನ ಪದರ ತೆಳು, ಕೆಳಗೆ ಗಟ್ಟಿ ಕಲ್ಲು. ಬಿದ್ದ ಮಳೆಯಲ್ಲಿ ಬಹುಪಾಲು ಅಂದೇ ಹರಿದು ಹೋಗುತ್ತದೆ. ಉಳಿದದ್ದು ಬಾದೆ ಹುಲ್ಲಿನ ಬುಡದಲ್ಲಿ, ಕಲ್ಲಿನ ಬಿರುಕುಗಳಲ್ಲಿ ತಂಗಿ ನಿಧಾನವಾಗಿ ಜಿನುಗುತ್ತದೆ. ಝರಿಯ ಆ ಹದಿನೈದು ದಿನದ ಆಯುಷ್ಯ ಈ ಜಿನುಗಿನದು. ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬಿದ್ದು ಹುಲ್ಲು ಸುಟ್ಟರೆ ಮುಂದಿನ ಮಳೆಯ ನೀರನ್ನು ತಡೆಯುವವರು ಯಾರೂ ಇರುವುದಿಲ್ಲ.

ಕಳೆದ ಸಲ ಹೋದಾಗ ನಾನು ನೀರು ಬೀಳುವುದಕ್ಕಿಂತ ಬಿದ್ದ ನೀರು ಮಾಡುವುದನ್ನೇ ಹೆಚ್ಚು ಹೊತ್ತು ನೋಡಿದೆ. ಕೆಳಗಿನ ಚಿಕ್ಕ ಗುಂಡಿಯಲ್ಲಿ ಕೆಂಪು ಮಣ್ಣು ತೇಲಿಹೋಗುತ್ತಿತ್ತು, ಬಿಳಿ ಮರಳು ಉರುಳಿಹೋಗುತ್ತಿತ್ತು. ಕಲ್ಲಿನ ಸಂದಿಯಲ್ಲಿ ಮಾತ್ರ ಕಾಡಿಗೆ ಎಳೆದಂತೆ ಸಣ್ಣ ಕರಿ ಮರಳು ಕೂತಿತ್ತು. ಕಬ್ಬಿಣದ ಅಂಶ ಹೆಚ್ಚಿರುವ ಆ ಮರಳು ಭಾರ, ಸುಲಭಕ್ಕೆ ಕದಲದು. ಚಿನ್ನದ ಕಣ ಇದ್ದರೆ ಅದೂ ಭಾರ, ಅಲ್ಲಿಯೇ ಕೂರಬೇಕು. ಗುಡ್ಡದ ಚರಿತ್ರೆಯನ್ನೆಲ್ಲ ಈ ಕಪ್ಪು ಗೆರೆಯೇ ಎಳೆದುಕೊಂಡು ಬಂದಿದೆ ಎಂದು ನನಗೆ ಅನ್ನಿಸುತ್ತದೆ.

ಏಕೆಂದರೆ ಮಳೆ ಬಿದ್ದಾಗ ಈ ಹಳ್ಳಗಳಿಗೆ ಬರುವವರಲ್ಲಿ ನಾವು ಮೊದಲಿಗರಲ್ಲ. ಡೋಣಿ, ಸೊರಟೂರು ಕಡೆಯ ಹಳ್ಳಗಳಲ್ಲಿ ಚಿನ್ನ ಸೋಸುವ ಜಲಗಾರರು ಮಳೆಯ ನಂತರ ಮರಿಗೆ (ಮರದ ತಟ್ಟೆ) ಹಿಡಿದು ಮರಳು ತೊಳೆಯುತ್ತಿದ್ದರು. ನೀರು ತಿರುಗಿಸುತ್ತ ಹಗುರವಾದದ್ದನ್ನು ಚೆಲ್ಲುತ್ತ ಹೋದರೆ ಕೊನೆಗೆ ತಳದಲ್ಲಿ ಕರಿ ಮರಳು, ಅದೃಷ್ಟವಿದ್ದರೆ ಅದರ ಅಂಚಿನಲ್ಲಿ ಹಳದಿ ಚುಕ್ಕೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ‘ಡಂಬಳ ಗುಡ್ಡ’ಗಳ ಹೊನ್ನಿನ ಬಗ್ಗೆ ವರದಿ ಬರೆದದ್ದು ಈ ಸೀಮೆಯನ್ನು ಕುರಿತೇ. ಭಾರತದ ಅತಿ ಪ್ರಾಚೀನ ಶಿಲಾಸಮೂಹಗಳಲ್ಲಿ ಒಂದಕ್ಕೆ ಧಾರವಾಡದ ಹೆಸರು ಕೊಟ್ಟವನೂ ಅವನೇ. ಧಾರವಾಡದ ಪೇಢೆ ತಿಂದವರಿಗೆಲ್ಲ ಇದು ಗೊತ್ತಿರುವುದಿಲ್ಲ!

ಮರಿಗೆಯ ಕೆಲಸಕ್ಕೆ ಕಂಪನಿಗಳು ಇಳಿದದ್ದು 20ನೇ ಶತಮಾನದ ಆರಂಭದಲ್ಲಿ. ಕಬಲಾಯತಕಟ್ಟಿ, ಹೊಸೂರು ಸುತ್ತ ಸುರಂಗ ತೋಡಿದರು. ಗಣಿಗಳು ಹೆಚ್ಚು ಕಾಲ ಬಾಳಲಿಲ್ಲ. ಕೋಲಾರ ಆಗುವ ಯೋಗ ಗದಗಕ್ಕೆ ಇರಲಿಲ್ಲ. ಆದರೆ ಒಮ್ಮೆ ನಕ್ಷೆಯಲ್ಲಿ ‘ಚಿನ್ನ’ ಎಂದು ಬರೆದ ಮೇಲೆ ಅದನ್ನು ಅಳಿಸುವುದು ಕಷ್ಟ. ಗುಡ್ಡದಲ್ಲಿ ಕಬ್ಬಿಣದ ಅದಿರೂ ಇದೆ, ಮ್ಯಾಂಗನೀಸೂ ಇದೆ.

2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯಲ್ಲಿ ದಕ್ಷಿಣ ಕೊರಿಯಾದ ಪೋಸ್ಕೊ ಕಂಪನಿಯ ಉಕ್ಕಿನ ಕಾರ್ಖಾನೆಗೆ ಜಮೀನು ಕೇಳಿದಾಗ ರೈತರು ಎದ್ದರು. ಅವರ ಮುಂದೆ ನಿಂತವರು ಗದಗ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ. ಆ ಯೋಜನೆ ಕೈಬಿಟ್ಟುಹೋಯಿತು. 2015ರ ಡಿಸೆಂಬರ್‌ನಲ್ಲಿ ಸರ್ಕಾರ ಗುಡ್ಡವನ್ನು ಸಂರಕ್ಷಿತ ಪ್ರದೇಶವೆಂದು ಸಾರಿತು. ವರ್ಷ ತುಂಬುವ ಮೊದಲೇ, 2016ರ ನವೆಂಬರ್‌ನಲ್ಲಿ ಆ ಆದೇಶವನ್ನು ತಾನೇ ಹಿಂತೆಗೆದುಕೊಂಡಿತು. 2017ರ ಫೆಬ್ರುವರಿಯಲ್ಲಿ ಗದಗದಲ್ಲಿ ಮತ್ತೆ ಧರಣಿ, ಮತ್ತೆ ಸ್ವಾಮೀಜಿ. ಏಪ್ರಿಲ್‌ನಲ್ಲಿ ಆದೇಶ ಮರಳಿ ಬಂತು. 2019ರ ಮೇ ತಿಂಗಳಲ್ಲಿ ಸುಮಾರು 244 ಚದರ ಕಿಲೋಮೀಟರ್ ಪ್ರದೇಶ ವನ್ಯಜೀವಿಧಾಮವಾಯಿತು. ಅದನ್ನು ನೋಡಲು ಸ್ವಾಮೀಜಿ ಇರಲಿಲ್ಲ; 2018ರ ಅಕ್ಟೋಬರ್‌ನಲ್ಲಿ ಲಿಂಗೈಕ್ಯರಾಗಿದ್ದರು.

ಈಗ ಗುಡ್ಡದ ನೆತ್ತಿಯ ಮೇಲೆ ಗಾಳಿಯಂತ್ರಗಳು ತಿರುಗುತ್ತವೆ, ಝರಿಯ ಬುಡದಲ್ಲಿ ಕುರುಕಲು ತಿಂಡಿಯ ಪೊಟ್ಟಣಗಳು ಹೊಳೆಯುತ್ತವೆ. ಪೊಟ್ಟಣಗಳೂ ಆ ಸಂದಿಯಲ್ಲಿಯೇ ಸಿಕ್ಕಿಕೊಳ್ಳುತ್ತವೆ, ಕರಿ ಮರಳಿನ ಪಕ್ಕ.

ನನ್ನ ಪಕ್ಕದಲ್ಲಿ ಕೂತಿದ್ದ ಹುಡುಗನೊಬ್ಬ ಬೊಗಸೆ ಮರಳು ಎತ್ತಿ ಬಿಸಿಲಿಗೆ ಹಿಡಿದ. ಏನೋ ಮಿನುಗಿತು. ಅಭ್ರಕವಿರಬೇಕು ಎಂದೆ. ಅವನು ನಂಬಲಿಲ್ಲ, ಒದ್ದೆ ಮರಳನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿ ಜೇಬಿಗೆ ಹಾಕಿಕೊಂಡು ರಸ್ತೆಯತ್ತ ಓಡಿದ.